ಬಿನ್

ಕೊರ್ನೇಲಿಯಸ್, ಅಂತ ಬರೆದೆ.
ಒದ್ದೆ ಬಟ್ಟೆಯಲ್ಲಿ ಒರೆಸಿದ್ದ ಬೋರ್ಡು, ಸೀಮೆಸುಣ್ಣ ಜಾರಿ
ಕೊನೆಯಕ್ಷರಕ್ಕೆ ಬಾಲ ಬಂತು.
ದೊಡ್ಡ ಮನೆತನ ಮಕ್ಕಳೇ, ರೋಮಿನಲ್ಲಿ.
ಸಿಪಿಯೋ ಇವರವನು, ಸಿನ್ನ ಇವರವನು, ಸುಲ್ಲ ಇವರವನು,
ದಂಡಿಗೂ ಇವರೇ, ಸಭೆಗೂ ಇವರೇ,
ಕೊಂದವರಲ್ಲಿಯೂ ಇವರು, ಕೊಲೆಯಾದವರಲ್ಲಿಯೂ.

ಹೊಸನಗರದ ಕಾಲೇಜು. ಹದಿನೇಳು ಮಂದಿ.
ಹಿಂದಿನ ಬೆಂಚಿನವನಿಗೆ ಬಸ್ಸಿನ ಚಿಂತೆ.

ಸುಲ್ಲ ಗೆದ್ದ ಮೇಲೆ
ಸತ್ತ ವೈರಿಗಳ ಆಳುಗಳಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ,
ಎಳೆಯರನ್ನು, ಗಟ್ಟಿಮುಟ್ಟಾದವರನ್ನೇ ಆರಿಸಿ
ಬಿಟ್ಟ. ಬಿಟ್ಟು ತನ್ನ ಹೆಸರಿಟ್ಟ.
ಬೆಳಗಾಗುವುದರಲ್ಲಿ ಊರ ತುಂಬ ಕೊರ್ನೇಲಿಯಸ್ಸುಗಳು.
ಸಭೆಯಲ್ಲಿ ಬೆನ್ನ ಹಿಂದೆ ಜನ ಬೇಕಲ್ಲ.

ಹಂಗಾರೆ ಒರಿಜಿನಲ್ ಯಾರು ಅಂತ ಹೆಂಗೆ ಗೊತ್ತಾಗ್ತದೆ ಮೇಡಂ?
ಗೋರಿಯ ಕಲ್ಲು ನೋಡಬೇಕು, ಅಂದೆ.
ಹೆಸರಿನ ನಡುವೆ ಒಂದಕ್ಷರ. ಎಫ್ ಇದ್ದರೆ ಇಂಥವನ ಮಗ,
ಎಲ್ ಇದ್ದರೆ ಇಂಥವನು ಬಿಟ್ಟ ಆಳು.
ಅಷ್ಟೇಯಾ?
ಅಷ್ಟೇ. ಉಳಿ ಒಂದು ಗೀರು ತಪ್ಪಿದ್ದರೆ
ಆಳು ಮಗನಾಗುತ್ತಿದ್ದ.

ನಮ್ಮ ಕಡೆ ಕಲ್ಲಿಲ್ಲ. ಕಾಗದ ಇದೆ.
ಎಪ್ಪತ್ತೈದನೇ ಇಸವಿ, ಡಿಕ್ಲರೇಶನ್ನಿನ ಸಾಲು.
ಹೆಸರು? ದುಗ್ಗ.
ಬಿನ್?
ಬಿನ್ ಅಂದರೆ ಅಜ್ಜನಿಗೆ ತಿಳಿಯಲಿಲ್ಲ.
ಯಾರವನೋ ನೀನು, ಅಂತ ಬಿಡಿಸಿ ಕೇಳಿದರು ಗುಮಾಸ್ತರು.
ಹೊಂಗೋಡಿನೋನು ಒಡೆಯಾ, ಅಂದ.
ದುಗ್ಗ ಬಿನ್ ಹೊಂಗೋಡು.
ಶಾಯಿ ಆರಿತು.
ಮೂವತ್ತೆರಡು ಕಂಬದ ಒಂದು ಮನೆ
ನಮ್ಮಜ್ಜನನ್ನು ಹೆತ್ತಿತು.

ಮಂಡಳಿಯ ಮುಂದೆ ಪಟೇಲರ ವಕೀಲರು ಅದನ್ನೇ ಓದಿದರಂತೆ, ಎರಡು ಸಲ.
ಎರಡನೇ ಸಲಕ್ಕೆ ನಗು.
ಗೇಣಿಯ ಚೀಟಿ ಇಲ್ಲ. ಗೇಣಿದಾರನಲ್ಲ, ಮನೆಯಾಳು. ಅರ್ಜಿ ವಜಾ.
ಒಂದೆಕರೆ ಹನ್ನೆರಡು ಗುಂಟೆ ಅಲ್ಲೇ ಉಳಿಯಿತು,
ಹೆಸರು ಮಾತ್ರ ಕಾಲಿಗೆ ಹತ್ತಿದ ಉಂಬಳದಂತೆ ಜೊತೆಗೆ ಬಂತು,
ಅಪ್ಪನ ಶಾಲೆಯ ದಾಖಲೆಗೆ, ನನ್ನ ಅಂಕಪಟ್ಟಿಗೆ,
ಈಗ ಬಾಗಿಲ ಮೇಲೆ: ಎಚ್. ಚೌಡೇಶ್ವರಿ, ಇತಿಹಾಸ.

ಹೋದ ವಾರ ಬಂದಿದ್ದರು ಹೊಂಗೋಡಿನ ಸಣ್ಣವರು,
ಓಟಿಗೆ ನಿಂತಿದ್ದಾರೆ.
ಚಪ್ಪಲಿ ಬಿಟ್ಟು ಒಳಗೆ ಬಂದರು, ಚಾ ಕುಡಿದರು,
ತಳದಲ್ಲಿ ಉಳಿದ ಸಕ್ಕರೆಯನ್ನೂ ಲೋಟ ಬಗ್ಗಿಸಿ ಕುಡಿದು ತೋರಿಸಿದರು.
ಎಚ್ ಅಂದ್ರೆ ನಮ್ಮ ಹೊಂಗೋಡೇ ಅಲ್ದಾ ಮೇಡಂ,
ಒಂದೇ ಹೆಸರಿನೋರು ಒಬ್ಬರನ್ನೊಬ್ಬರು ಬಿಟ್ಟುಕೊಡಬಾರದು.
ಎಷ್ಟು ಓಟಿದಾವೆ ನಿಮ್ಮ ಕೇರೀಲಿ?
ಹತ್ತು ಸಾವಿರ, ಅಂತ ಬಾಯಿಗೆ ಬಂದಿತ್ತು.
ಲೆಕ್ಕ ಹಾಕಿಲ್ಲ, ಅಂದೆ.

ಅಜ್ಜನ ಅಪ್ಪನಿಗೆ ಹೆಸರೇ ಇರಲಿಲ್ಲವೇ?
ಇತ್ತು. ಅಜ್ಜಿಗೆ ಗೊತ್ತಿತ್ತು.
ಮಾವನ ಹೆಸರು ಬಾಯಲ್ಲಿ ಹಿಡಿಯಬಾರದು, ಹಿಡಿಯಲಿಲ್ಲ.
ಎಂ.ಎ. ಓದುವಾಗ ನೋಟ್‌ಬುಕ್ ಹಿಡಿದು
ಮೂರು ದಿನ ಬೆನ್ನು ಹತ್ತಿದೆ, ಎಲೆ ಜಗಿಯುತ್ತ ಕೂತಳು.
ಮಾವನೂ ಹೋದ, ಅವನ ಮಗನೂ ಹೋದ, ಹೇಳಿದರೆ ಈಗೇನು?
ನಾನಿದೀನಲ್ಲ, ಅಂದಳು.

ಅವಳ ವಾರಕ್ಕೆ ಆರೇ ಹೆಸರು.
ಐತವಾರ ಇತ್ತು, ಮಂಗಳವಾರ ಇತ್ತು,
ನಡುವಿನದು, ಐತವಾರದ ಮಾರನೇ ದಿನ.
ಆಸ್ಪತ್ರೆಯಲ್ಲಿ ನರ್ಸಮ್ಮ ಕೇಳಿದಾಗಲೂ, ಜ್ವರದ ಬಡಬಡಿಕೆಯಲ್ಲೂ,
ಐತವಾರದ ಮಾರನೇ ದಿನ.
ಎಲ್ಲರೂ ನಗುತ್ತಿದ್ದೆವು.
ಅವಳು ಹೋಗಿ ನಾಲ್ಕು ವರ್ಷದ ಮೇಲೆ, ಹಾಜರಿ ಪುಸ್ತಕದಲ್ಲಿ
ವಾರ ಬರೆಯುತ್ತಿದ್ದವಳ ಕೈ
ಮೊದಲ ಎರಡಕ್ಷರಕ್ಕೇ ನಿಂತುಬಿಟ್ಟಿತು.

ಬೆಲ್ಲಾಯಿತು. ಬಸ್ಸಿನ ಹುಡುಗ ಓಡಿದ.
ಕೊರ್ನೇಲಿಯಸ್ ಒರೆಸಿದೆ. ಎಫ್ ಒರೆಸಿದೆ, ಎಲ್ ಒರೆಸಿದೆ.
ಬೋರ್ಡಿನ ಬಲಮೂಲೆಯಲ್ಲಿ, ತಾರೀಕಿನ ಕೆಳಗೆ,
ಬೆಳಿಗ್ಗೆ ನಾನೇ ಬರೆದ ವಾರದ ಹೆಸರಿತ್ತು.
ಅದನ್ನು ಬಿಟ್ಟೆ.